ಗೋಡೆ ಕಡೆ, ಬೇವಿನ ಕಡೆ

ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒಂದು ಉಕ್ಕಿನ ಸರಳಿನ ತುದಿ ಒರೆಸಿ, ಅಲ್ಲಿ ಒತ್ತಿದ್ದ ಒಂದೇ ಒಂದು ಅಕ್ಷರ ಓದಬೇಕಾಗಿತ್ತು. ಬೀಡಿ ಹಚ್ಚಿಕೊಳ್ಳುವಷ್ಟು ಹೊತ್ತಿನ ಕೆಲಸ. ಅದನ್ನು ನಾನು ಮಾಡಲಿಲ್ಲ. ಮಾಡಿದೆಯಾ ಎಂದು ತಮ್ಮ ಕೇಳಿದಾಗ ಮಾಡಿದೆ ಎಂದೆ. ಅದರಿಂದ ಆದ ಅನಾಹುತವನ್ನು ಆಮೇಲೆ ಅವನ ತಲೆಗೇ ಕಟ್ಟಿ ಸುಮ್ಮನಾದೆ. ಗ್ಯಾರೇಜಿನ ಅನುಭವ ಬರೆಯುವವರು ತಾವು ಸರಿಮಾಡಿದ ಗಾಡಿಗಳ ಬಗ್ಗೆ ಬರೆಯುತ್ತಾರೆ. ನನಗೆ ಬರೆಯಲು ಇರುವುದು ನಾನು ಕೆಡಿಸಿದ್ದು.

ಅದು ಕೊರೊನಾ ಬರುವುದಕ್ಕೆ ಹಿಂದಿನ ವರ್ಷ. ಹುಣಸೂರಿನಿಂದ ಎಚ್.ಡಿ. ಕೋಟೆಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಕಾರ್ ಶೆಡ್ಡು. ಹೆಸರಿಗೆ ಯಜಮಾನ ನಾನು, ಪುಟ್ಟಸ್ವಾಮಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸ್ಪ್ಯಾನರ್ ಹಿಡಿದವನು. ತಮ್ಮ ಮಾದೇಶ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಅವನಿಗೆ ಕೆಲಸ ಕಲಿಸಿದವನು ನಾನೇ. ಆದರೆ ಕೆಲವು ವರ್ಷಗಳಲ್ಲೇ, ಗಾಡಿ ತರುವವರು ನನಗೆ ನಮಸ್ಕಾರ ಹೇಳಿ, ‘ಎಲ್ಲಿ ನಿಮ್ಮ ತಮ್ಮ?’ ಎಂದು ಕೇಳುವಂತಾಯಿತು. ಮುಂದಿನ ಚಕ್ರಗಳ ಕೆಲಸದಲ್ಲಿ, ಅಂದರೆ ಫ್ರಂಟ್ ಸಸ್ಪೆನ್ಷನ್‌ನಲ್ಲಿ, ಅವನ ಕೈ ಬೇರೆ. ಗಾಡಿ ಓಡಿಸಿ ನೋಡುವುದೂ ಬೇಕಿರಲಿಲ್ಲ. ಬಾನೆಟ್ ಮೇಲೆ ಎರಡು ಕೈ ಇಟ್ಟು ಒಂದು ಸಲ ಒತ್ತಿ ಬಿಟ್ಟು, ಅದು ಮೇಲೆದ್ದು ನಿಲ್ಲುವ ರೀತಿ ನೋಡಿ, ಒಳಗೆ ಏನು ಸವೆದಿದೆ ಎಂದು ಹೇಳುತ್ತಿದ್ದ. ಅದು ನನಗೆ ಹೆಮ್ಮೆಯ ವಿಷಯ ಎಂದೇ ಎಲ್ಲರಿಗೂ ಹೇಳುತ್ತಿದ್ದೆ. ಅರ್ಧ ಹೆಮ್ಮೆ. ಉಳಿದರ್ಧ ಏನೆಂದು ಈ ಕಥೆ ಓದಿದವರಿಗೆ ಗೊತ್ತಾಗುತ್ತದೆ.

ಆ ವರ್ಷ ದೀಪಾವಳಿ ಕಳೆದ ಮೇಲೆ ಪಿರಿಯಾಪಟ್ಟಣದ ನಾಗರಾಜಪ್ಪನವರು ಒಂದು ಹಳೇ ಅಂಬಾಸಿಡರ್ ತಂದರು. ಅವರದು ಜವಳಿ ಅಂಗಡಿ. ಕಾರು ಅವರ ತಂದೆ ಕೊಂಡದ್ದು. ತಿಳಿ ನೀಲಿ ಬಣ್ಣ, ಅಗಲ ಸ್ಟಿಯರಿಂಗ್, ಸೋಫಾದಂಥ ಮುಂದಿನ ಸೀಟು. ತಂದೆ ತೀರಿಕೊಂಡ ಮೇಲೂ ಅವರ ತಾಯಿ ಬೇರೆ ಕಾರು ಹತ್ತುತ್ತಿರಲಿಲ್ಲ. ಆ ತಾಯಿಗೆ ಮಡಿಕೇರಿಯಲ್ಲಿ ಮಗಳ ಮನೆ. ಅಲ್ಲಿಗೂ ಇದರಲ್ಲೇ ಹೋಗಬೇಕು.

"ನೇರ ರಸ್ತೇಲಿ ರಾಜ ಕಣ್ರೀ ಇದು. ತಿರುವು ಬಂತೋ, ತೊಟ್ಲು. ಕುಶಾಲನಗರ ದಾಟೋ ಹೊತ್ಗೆ ಅಮ್ಮನ ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಕವರು, ನನ್ನೆಂಡ್ತಿ ಮಡಿಲಲ್ಲಿ ಇನ್ನೊಂದು," ಎಂದರು ನಾಗರಾಜಪ್ಪನವರು. "ಮೇಲೆ ಒಂದು ಸ್ಕ್ರೂನೂ ಬದಲಾಗಬಾರದು. ಕೆಳಗೆ ಏನ್ ಬೇಕಾದ್ರೂ ಮಾಡಿ."

ಮಾದೇಶ ಬಾನೆಟ್ ಒತ್ತಿ ಬಿಟ್ಟ. ಕಾರು ಮೂರು ಸಲ ತೂಗಿತು.

"ಇದರ ಶಾಕ್ ನಮ್ಮ ಮಾವನಂಗೆ ಐತೆ ಸಾರ್," ಎಂದ. "ಎಣ್ಣೆ ಕುಡೀತದೆ, ಕೆಲ್ಸ ಮಾಡಕಿಲ್ಲ."

ನಾಗರಾಜಪ್ಪನವರು ನಕ್ಕರು. ಕಾರು ಶೆಡ್ಡಿನಲ್ಲಿ ಉಳಿಯಿತು.

ಏನು ಮಾಡಬೇಕೆಂದು ಮಾದೇಶನೇ ಗೊತ್ತುಮಾಡಿದ. ಆ ಕಾಲದ ಕಾರಿನಲ್ಲಿ ಕುಲುಕು ತಡೆಯಲು ಇರುವುದು ಎಣ್ಣೆ ತುಂಬಿದ ಸಣ್ಣ ಡಬ್ಬಿಯಂಥ ಲಿವರ್ ಶಾಕ್. ಅದರ ಜೊತೆಗೆ ಈಗಿನ ಕಾರುಗಳಲ್ಲಿರುವಂಥ ಉದ್ದ ಕೊಳವೆಯ ಶಾಕ್ ಅಬ್ಸಾರ್ಬರ್ ಸೇರಿಸುವುದು. ಅದಕ್ಕೆ ಚಾಸಿಗೆ ಹೊಸ ಬ್ರ್ಯಾಕೆಟ್ ವೆಲ್ಡ್ ಮಾಡಿಸುವುದು. ಎರಡು ಚಕ್ರಗಳ ನಡುವೆ ಒಂದು ಅಡ್ಡ ಸರಳು ಕೂರಿಸುವುದು, ತಿರುವಿನಲ್ಲಿ ಕಾರು ಒಂದೇ ಕಡೆಗೆ ವಾಲದಂತೆ. ಕೊನೆಗೆ ಕಾರಿನ ಮೂತಿಯನ್ನು ಒಂದು ಬೆರಳಿನಷ್ಟು ತಗ್ಗಿಸುವುದು.

ಈ ತಗ್ಗಿಸುವ ಕೆಲಸ ಇರುವುದು ಟಾರ್ಷನ್ ಬಾರ್‌ನಲ್ಲಿ. ಅಂಬಾಸಿಡರ್ ಮುಂದಿನ ಚಕ್ರಗಳಿಗೆ ಸುರುಳಿ ಸ್ಪ್ರಿಂಗ್ ಇಲ್ಲ. ಅದರ ಬದಲು ಕಾರಿನ ಹೊಟ್ಟೆಯ ಕೆಳಗೆ ಉದ್ದಕ್ಕೆ ಎರಡು ಉಕ್ಕಿನ ಸರಳುಗಳಿವೆ, ಎಡಕ್ಕೊಂದು, ಬಲಕ್ಕೊಂದು. ಚಕ್ರ ಮೇಲೇಳುವಾಗ ಸರಳು ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ, ಮತ್ತೆ ಬಿಚ್ಚಿಕೊಳ್ಳುತ್ತದೆ. ತುದಿಗಳಲ್ಲಿ ಹಲ್ಲುಗಳಿವೆ. ಒಂದು ಹಲ್ಲು ಬದಲಿಸಿ ಕೂರಿಸಿದರೆ ಮೂತಿ ತಗ್ಗುತ್ತದೆ.

ನೋಡಲು ಎರಡು ಸರಳೂ ಒಂದೇ. ಆದರೆ ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ. ಹಗ್ಗ ಹೊಸೆದವರಿಗೆ ಇದು ಗೊತ್ತು. ಹೊಸೆದ ದಿಕ್ಕಿಗೇ ತಿರುಚಿದರೆ ಹಗ್ಗ ಬಿಗಿಯುತ್ತದೆ, ಎದುರು ದಿಕ್ಕಿಗೆ ತಿರುಚಿದರೆ ಎಳೆ ಬಿಡುತ್ತದೆ. ಈ ಉಕ್ಕೂ ಹಾಗೆಯೇ. ಮಾಡುವಾಗಲೇ ಅದಕ್ಕೆ ಒಂದು ದಿಕ್ಕು ಕಲಿಸಿರುತ್ತಾರೆ. ಅದಲುಬದಲಾದರೆ ಅವತ್ತೇ ಏನೂ ಆಗುವುದಿಲ್ಲ. ಸ್ವಲ್ಪ ದಿನ ಓಡುತ್ತದೆ, ಮೆಲ್ಲಗೆ ಸೋಲುತ್ತದೆ, ಒಂದು ದಿನ ಮುರಿಯುತ್ತದೆ. ಅದಕ್ಕೇ ಮುಂದಿನ ತುದಿಯಲ್ಲಿ ‘ಎಲ್’, ‘ಆರ್’ ಎಂದು ಇಂಗ್ಲಿಷಿನ ಅಕ್ಷರ ಒತ್ತಿರುತ್ತಾರೆ. ಕೂರಿಸಿದ ಮೇಲೆ ಆ ತುದಿ ಚಕ್ರದ ತೋಳಿನೊಳಗೆ ಮುಚ್ಚಿಹೋಗುತ್ತದೆ.

ಈಗ ನಮ್ಮ ಶೆಡ್ಡಿನ ಬಗ್ಗೆ ಒಂದು ಮಾತು. ನಮ್ಮ ಬಾಯಲ್ಲಿ ಎಡ ಬಲ ಇರಲೇ ಇಲ್ಲ. ಶೆಡ್ಡಿನ ಒಂದು ಪಕ್ಕ ಅಕ್ಕಿ ಮಿಲ್ಲಿನ ಗೋಡೆ, ಇನ್ನೊಂದು ಪಕ್ಕ ಬೇವಿನ ಮರ. ಗಾಡಿಗಳೆಲ್ಲ ಮೂತಿ ಒಳಗೆ ಮಾಡಿಯೇ ಬರುತ್ತಿದ್ದವು. ಹಾಗಾಗಿ ಡ್ರೈವರ್ ಕೂರುವ ಬಲಗಡೆ ಯಾವಾಗಲೂ ‘ಗೋಡೆ ಕಡೆ’, ಎಡಗಡೆ ‘ಬೇವಿನ ಕಡೆ’. ‘ಗೋಡೆ ಕಡೆ ಬೇರಿಂಗ್ ಹೋಗಿದೆ,’ ‘ಬೇವಿನ ಕಡೆ ಬ್ರೇಕ್ ಹಿಡೀತಾ ಇಲ್ಲ.’ ಬಂದ ಗಿರಾಕಿಗಳು ಕಣ್ಣುಕಣ್ಣು ಬಿಡುತ್ತಿದ್ದರು. ನಮಗೆ ಅದೇ ಭಾಷೆ.

ನಾವು ಬಾರ್‌ಗಳನ್ನು ಬಿಚ್ಚಿದಾಗ ಕಾರು ಎಂದಿನಂತೆ ಮೂತಿ ಒಳಗೆ ಮಾಡಿ ನಿಂತಿತ್ತು. ಬಲದ್ದನ್ನು ಗೋಡೆಗೆ ಒರಗಿಸಿದೆವು, ಎಡದ್ದನ್ನು ಬೇವಿಗೆ. ಆಮೇಲೆ ವೆಲ್ಡಿಂಗ್‌ನವನು ಬಂದ. ಮೂತಿ ಕತ್ತಲಲ್ಲಿದೆ, ಬೆಳಕಿಗೆ ತಿರುಗಿಸಿ ಎಂದ. ನಾಲ್ಕು ಜನ ಸೇರಿ ಕಾರನ್ನು ಟ್ರಾಲಿಯ ಮೇಲೆ ರಸ್ತೆಗೆ ತಳ್ಳಿ, ತಿರುಗಿಸಿ, ಹಿಂಭಾಗ ಒಳಗೆ ಮಾಡಿ ಮತ್ತೆ ತಳ್ಳಿದೆವು. ಬ್ರ್ಯಾಕೆಟ್ ವೆಲ್ಡಿಂಗ್ ಆಯಿತು. ಕಾರು ಹಾಗೇ ನಿಂತಿತ್ತು, ರಸ್ತೆಗೆ ಮುಖಮಾಡಿ.

ಮರುದಿನ ಬೆಳಿಗ್ಗೆ ಮಾದೇಶ ಶಾಕ್‌ಗೆ ಬುಷ್ ಎಂಬ ಲೋಹದ ಬಳೆ ಕಡೆಸಲು ಕೆ.ಆರ್. ನಗರದ ಲೇತ್ ಶಾಪಿಗೆ ಹೊರಟ. ಬೈಕ್ ಸ್ಟಾರ್ಟ್ ಮಾಡಿ ಹೇಳಿದ:

"ಅಣ್ಣ, ಬಾರ್ ಮುಟ್ಬೇಡ. ನಾ ಬಂದ್ಮೇಲೆ ಹಾಕುವ. ಹಾಕ್ಲೇಬೇಕು ಅಂದ್ರೆ ತುದಿ ಒರೆಸಿ ಗುರ್ತು ನೋಡ್ಬುಟ್ಟು ಹಾಕು."

ನನಗೆ ಚುರುಕ್ ಅಂದಿತು. ಸ್ಪ್ಯಾನರ್ ಹಿಡಿಯುವುದು ಹೇಗೆಂದು ನಾನು ಹೇಳಿಕೊಟ್ಟವನು ಇವನು.

"ಆಯ್ತು ಹೋಗಯ್ಯ ಮೇಷ್ಟ್ರೇ," ಎಂದೆ.

ಕಾರು ಯಾವಾಗ ಸಿಗುತ್ತದೆ ಎಂದು ಕೇಳಲು ಮಧ್ಯಾಹ್ನದೊಳಗೆ ನಾಗರಾಜಪ್ಪನವರು ಎರಡು ಸಲ ಫೋನ್ ಮಾಡಿದರು. ಎರಡನೇ ಸಲ, "ನಿಮಗೆ ಗೊತ್ತಾಗದಿದ್ರೆ ಬುಡಿ, ತಮ್ಮ ಬಂದ್ಮೇಲೆ ಕೇಳ್ತೀನಿ," ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಫೋನ್ ಇಟ್ಟು ಎದ್ದೆ. ಗೋಡೆಗೆ ಒರಗಿದ್ದ ಬಾರನ್ನು ಗೋಡೆ ಕಡೆಗೆ ಕೂರಿಸಿದೆ. ಬೇವಿಗೆ ಒರಗಿದ್ದನ್ನು ಬೇವಿನ ಕಡೆಗೆ ಕೂರಿಸಿದೆ. ಎರಡರ ತುದಿಗೂ ಗಟ್ಟಿಯಾಗಿ ಹಳೇ ಗ್ರೀಸ್ ಮೆತ್ತಿತ್ತು. ಒರೆಸುವ ಬಟ್ಟೆ ನನ್ನ ಹೆಗಲ ಮೇಲೇ ಇತ್ತು.

ಮಾದೇಶ ಬಂದ. ಬಾರ್ ಕೂತಿರುವುದನ್ನು ನೋಡಿ ನಿಂತ.

"ಗುರ್ತು ನೋಡಿ ಹಾಕ್ದೇನಣ್ಣ?"

"ನೋಡ್ದೆ."

ಅವನು ಮತ್ತೆ ಕೇಳಲಿಲ್ಲ. ನಮ್ಮ ಮನೆಯಲ್ಲಿ ಅಣ್ಣ ಒಂದು ಮಾತು ಹೇಳಿದ ಮೇಲೆ ಅದನ್ನು ಬಿಚ್ಚಿ ನೋಡುವ ರೂಢಿ ಇಲ್ಲ. ಅವನು ಹಿಂದಿನ ತುದಿಯಲ್ಲಿ ಒಂದು ಹಲ್ಲು ಬದಲಿಸಿ ಎತ್ತರ ಸರಿಮಾಡಿದ, ಬುಷ್ ಹಾಕಿದ, ಅಲೈನ್‌ಮೆಂಟ್ ಮಾಡಿಸಿಕೊಂಡು ಬಂದ.

ಕಾರು ಎಷ್ಟು ಚೆನ್ನಾಗಿ ಓಡಿತು ಎಂದರೆ! ತಿರುವಿನಲ್ಲಿ ಅದು ರಸ್ತೆಯನ್ನು ಕಚ್ಚಿಕೊಂಡು ಹೋಗುತ್ತಿತ್ತು. ನಾಗರಾಜಪ್ಪನವರು ಮಡಿಕೇರಿಗೆ ಹೋಗಿ ಬಂದು ಒಂದು ಡಬ್ಬಿ ಮೈಸೂರುಪಾಕ್ ತಂದುಕೊಟ್ಟರು. "ಅಮ್ಮ ದಾರಿ ಪೂರ್ತಿ ಎಲೆಅಡಿಕೆ ಹಾಕ್ಕೊಂಡು ಕತೆ ಹೇಳ್ತಾ ಬಂದ್ರು ಕಣಪ್ಪ," ಎಂದು ಮಾದೇಶನ ಬೆನ್ನು ತಟ್ಟಿದರು. ಅವರ ಬಾಯಿಮಾತಿನಿಂದ ಸರಗೂರಿನಿಂದಲೂ ಚುಂಚನಕಟ್ಟೆಯಿಂದಲೂ ಹಳೇ ಕಾರಿನವರು ಬಂದು ವಿಚಾರಿಸಿದರು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ನಾಗರಾಜಪ್ಪನವರು ಎಣ್ಣೆ ಬದಲಿಸಲು ಕಾರು ತಂದರು. ಮೂತಿ ಒಳಗೆ ಮಾಡಿ ನೇರ ಒಳಕ್ಕೆ ತಂದು ನಿಲ್ಲಿಸಿದರು. ಇಳಿಯಬೇಕೆಂದು ಬಾಗಿಲು ತೆರೆದರೆ ಅದು ಮಿಲ್ಲಿನ ಗೋಡೆಗೆ ತಾಗಿತು. ನಾನು ಹಿಂದೆ ನಿಂತು ನೋಡುತ್ತಿದ್ದೆ. ಡ್ರೈವರ್ ಬಾಗಿಲು ಗೋಡೆಗೆ. ಅವತ್ತು ಬಾರ್ ಕೂರಿಸುವಾಗ ಗೋಡೆಯ ಪಕ್ಕ ಸ್ಟಿಯರಿಂಗ್ ಇರಲಿಲ್ಲ. ಸ್ಟಿಯರಿಂಗ್ ಇದ್ದದ್ದು ಬೇವಿನ ಪಕ್ಕ. ಕಾರು ತಿರುಗಿ ನಿಂತಿತ್ತು. ಗೋಡೆ ತಿರುಗಿರಲಿಲ್ಲ.

ಮಾದೇಶ ಮುಂದೆ ಬಗ್ಗಿ ಕೂತಿದ್ದ. "ಅಣ್ಣ, ಬೇವಿನ ಕಡೆ ಒಂಚೂರು ಕೂತಂಗೆ ಐತೆ. ಬಿಚ್ಚಿ ನೋಡುವಾ?"

ಆ ಕ್ಷಣದಲ್ಲಿ ಹೇಳಬಹುದಿತ್ತು. ಬಿಚ್ಚಿ, ಅದಲುಬದಲು ಮಾಡಿ ಹಾಕುವುದೂ ಸಾಲದಾಗಿತ್ತು. ಸೋತ ಬಾರನ್ನು ಎಸೆದು ಬೇರೆ ಜೋಡಿ ತರಬೇಕಿತ್ತು. ಎರಡು ದಿನದ ಕೆಲಸ, ಮೈಸೂರಿನಲ್ಲಿ ಹುಡುಕಾಟ. ನಾಗರಾಜಪ್ಪನವರು ಪಕ್ಕದಲ್ಲೇ ನಿಂತಿದ್ದರು. ತಮ್ಮ ಮುಟ್ಟಬೇಡ ಎಂದಿದ್ದ, ನಾನು ಮುಟ್ಟಿದ್ದೆ. ಇದನ್ನೆಲ್ಲ ಅವರ ಮುಂದೆ ಬಾಯಿಬಿಟ್ಟು ಹೇಳಬೇಕಿತ್ತು.

"ಬಿಚ್ಚೋದೇನೂ ಬೇಡ. ಬಾರ್ ಹಿಂದಿನ ಎತ್ತರದ ಬೋಲ್ಟ್ ಒಂದು ಸುತ್ತು ಟೈಟ್ ಮಾಡು. ಹೊಸದಾಗಿ ಕೂತಿರೋದಲ್ವಾ, ಅಡ್ಜಸ್ಟ್ ಆಯ್ತದೆ," ಎಂದೆ.

"ಔದಾ?" ಎಂದ ಮಾದೇಶ. ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಹೋಗಿ ಟೈಟ್ ಮಾಡಿದ. ಸೋಲುತ್ತಿದ್ದ ಉಕ್ಕಿಗೆ ಇನ್ನೊಂದು ತಿರುಚು. ಅದೂ ಅವನ ಕೈಯಿಂದ, ನನ್ನ ಮಾತಿನಿಂದ.

ಶಿವರಾತ್ರಿಗೆ ಮುಂಚೆ ಅದು ಮುರಿಯಿತು. ಪಿರಿಯಾಪಟ್ಟಣ ದಾಟಿ, ಕುಶಾಲನಗರಕ್ಕೆ ಮುಂಚೆ ಸಿಗುವ ಕೊಪ್ಪದ ಕಡೆಗೆ ಹೋಗುವಾಗ ಒಂದು ತಿರುವಿನಲ್ಲಿ ಕಾರಿನ ಎಡ ಮೂತಿ ಕುಸಿದು ನೆಲಕ್ಕೆ ಕೂತಿತು. ಸ್ಟಿಯರಿಂಗ್ ಎಡಕ್ಕೆ ಎಳೆದುಕೊಂಡು ಹೋಗಿ, ಕಾರು ರಸ್ತೆ ಬಿಟ್ಟು ಚರಂಡಿಗೆ ಇಳಿದು ನಿಂತಿತು. ನಾಗರಾಜಪ್ಪನವರಿಗೆ ಏನೂ ಆಗಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಅವರ ತಾಯಿಯ ಬಲಗೈ ಮಣಿಕಟ್ಟು ಮುರಿಯಿತು, ಹಣೆಗೆ ಹೊಲಿಗೆ ಬಿತ್ತು.

ಮರುದಿನ ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆಸಿಕೊಂಡು ಕಾರನ್ನು ಶೆಡ್ಡಿಗೆ ತಂದರು. ನಾಗರಾಜಪ್ಪನವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಇದು ಯಾರ ಕೈ ಕೆಲ್ಸ?" ಎಂದು ಕೇಳಿದರು.

ಮಿಲ್ಲಿನವರು ಇಬ್ಬರು, ಎದುರಿನ ಟೀ ಅಂಗಡಿಯವನು, ಎಲ್ಲ ಬಂದು ನಿಂತಿದ್ದರು. ನಾನು ಹೇಳಿದೆ:

"ಸಸ್ಪೆನ್ಷನ್ ಕೆಲ್ಸ ಎಲ್ಲಾ ತಮ್ಮಂದೇ ಸಾರ್."

ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ ಎಂದು ಆವತ್ತು ರಾತ್ರಿ ನನಗೆ ನಾನೇ ಹೇಳಿಕೊಂಡೆ. ಸಸ್ಪೆನ್ಷನ್ ಕೆಲಸ ಅವನದೇ ತಾನೆ?

ಗಾಡಿಯ ಕೆಳಗೆ ಇಳಿದು ಕೆಲಸ ಮಾಡುವ ಗುಂಡಿಯಿಂದ ಮಾದೇಶ ಮೇಲೆ ಬಂದ. ಕೈ ಒರೆಸಿಕೊಂಡ. "ನಂದೇ ಸಾರ್," ಎಂದ. "ಹಲ್ಲು ಬದಲಾಯಿಸ್ಬಾರ್ದಿತ್ತು. ಆಮೇಲೆ ಬೋಲ್ಟ್ ಬೇರೆ ಬಿಗಿದೆ. ಉಕ್ಕು ತಡೀಲಿಲ್ಲ."

ಅವನು ನನ್ನನ್ನು ಕಾಪಾಡಲು ಹಾಗೆ ಹೇಳಿದ್ದಲ್ಲ. ಅದನ್ನು ಅವನು ನಂಬಿದ್ದ. ಅಣ್ಣ ಗುರುತು ನೋಡಿ ಹಾಕಿದ್ದಾನೆ, ಹಾಗಾದರೆ ಬಾರ್ ಸರಿಯಾಗಿದೆ, ಹಾಗಾದರೆ ತಪ್ಪು ತನ್ನ ಲೆಕ್ಕದಲ್ಲೇ ಇರಬೇಕು. ಅವನ ತಲೆ ಹೀಗೆ ಓಡಿತ್ತು. ಎಲ್ಲಿಂದ ನೋಡಿದರೂ ಸರಿಯಾದ ತರ್ಕ. ಅದರ ಬುಡದಲ್ಲಿದ್ದ ನನ್ನ ಒಂದು ಮಾತು ಮಾತ್ರ ಸುಳ್ಳು.

"ಅಮ್ಮ ನಿನ್ನ ಹೆಸರು ಹೇಳಿ ಹರಸ್ತಿದ್ರು ಕಣೋ," ಎಂದು ಹೇಳಿ ನಾಗರಾಜಪ್ಪನವರು ಹೊರಟುಹೋದರು.

ಮುರಿದ ಬಾರನ್ನೂ ಇನ್ನೊಂದನ್ನೂ ನಾನೇ ಬಿಚ್ಚಿದೆ. ಮಾದೇಶ ಊಟಕ್ಕೆ ಹೋಗಿದ್ದ. ಆಗ ಒರೆಸಿದೆ ತುದಿಯನ್ನು. ಎಡಗಡೆಯಿಂದ ಬಂದ ಬಾರಿನ ಮೇಲೆ ‘ಆರ್’ ಎಂದು ಸ್ಪಷ್ಟವಾಗಿತ್ತು. ಅವನು ಬರುವ ಹೊತ್ತಿಗೆ ಎರಡೂ ಬಾರ್ ಗುಜರಿಗೆ ಹೋಗಿದ್ದವು.

ಆಮೇಲೆ ಅವನು ಸಸ್ಪೆನ್ಷನ್ ಮುಟ್ಟಲಿಲ್ಲ. ಬಂದ ಗಾಡಿಯ ಬಾನೆಟ್ ಒತ್ತಿ ನೋಡುವುದನ್ನೂ ಬಿಟ್ಟ. ಲಾಕ್‌ಡೌನ್‌ನಲ್ಲಿ ಶೆಡ್ ಮುಚ್ಚಿತು. ಮತ್ತೆ ತೆರೆದಾಗ ಅವನು ಬರಲಿಲ್ಲ. ಕೊಪ್ಪದಲ್ಲಿ ಹೆಂಡತಿಯ ತವರಿನ ಪಕ್ಕ ಒಂದು ಪಂಚರ್ ಅಂಗಡಿ ಇಟ್ಟ. ಊರಿನವರು ಕೇಳಿದರೆ, ‘ಅವನಿಗೆ ಅಲ್ಲೇ ಅನುಕೂಲ’ ಎನ್ನುತ್ತಿದ್ದೆ. ಹಬ್ಬಕ್ಕೆ ಬಂದಾಗ ಎಲೆಯ ಮುಂದೆ ಅಕ್ಕಪಕ್ಕ ಕೂತು ಉಣ್ಣುತ್ತಿದ್ದೆವು. ಅವನು ನನಗೆ ಮುಂಚೆಯಂತೆಯೇ ಮರ್ಯಾದೆ ಕೊಡುತ್ತಿದ್ದ.

ನನಗೆ ಒಂದು ಸಮಾಧಾನ ಸಿಕ್ಕಿತ್ತು. ಅದನ್ನೂ ಇಲ್ಲಿ ಹೇಳಿಬಿಡುತ್ತೇನೆ, ಎಷ್ಟು ಹೀನ ಎಂದು ಗೊತ್ತಾಗಲಿ. ನಮ್ಮ ಕಡೆ ಮಾತಿನಲ್ಲಿ ‘ನೋಡಿದೆ’ ಎಂದರೂ ‘ನೋಡ್ದೆ’, ‘ನೋಡದೆ’ ಎಂದರೂ ‘ನೋಡ್ದೆ’. ನೋಡಿ ಹಾಕಿದೆಯಾ ಎಂದು ಅವನು ಕೇಳಿದ. ನಾನು ‘ನೋಡ್ದೆ’ ಎಂದೆ. ನೋಡದೆ ಹಾಕಿದೆ ಎಂದೇ ಹೇಳಿದ್ದು ಎಂದು ಇಟ್ಟುಕೊಂಡರೆ ನಾನು ಸುಳ್ಳುಗಾರನಲ್ಲ. ಈ ಸಂದಿಯಲ್ಲಿ ವರ್ಷಗಟ್ಟಲೆ ಅಡಗಿ ಕೂತಿದ್ದೆ.

ಹೋದ ವರ್ಷ ಸರಗೂರಿನವರೊಬ್ಬರು ಅಂಥದೇ ಒಂದು ಅಂಬಾಸಿಡರ್ ತಂದು ಅದೇ ಕೆಲಸ ಕೇಳಿದರು. ನನ್ನಿಂದ ಆಗದು, ಕೊಪ್ಪಕ್ಕೆ ಹೋಗಿ ತಮ್ಮನನ್ನು ಕೇಳಿ ಎಂದು ಕಳಿಸಿದೆ. ಮರುದಿನ ಅವರು ಫೋನ್ ಮಾಡಿದರು.

"ಏನ್ರೀ ನಿಮ್ಮ ತಮ್ಮ ಇಂಗೆ? ‘ನನ್ ಕೈಗುಣ ಸರಿಯಿಲ್ಲ ಸಾರ್, ಒಬ್ಬ ತಾಯಿ ಕೈ ಮುರಿದಿದೀನಿ, ನನ್ನ ಕೇಳ್ಬೇಡಿ’ ಅಂದ್ರು. ಕಣ್ಣಲ್ಲಿ ನೀರು ಬೇರೆ."

ಫೋನ್ ಇಟ್ಟು ಬೈಕ್ ಹತ್ತಿದೆ. ದಾರಿಯಲ್ಲಿ ಒಂದು ಕಡೆಯೂ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ವಾಪಸ್ ತಿರುಗುತ್ತೇನೆಂದು ಗೊತ್ತಿತ್ತು.

ಮಾದೇಶ ಅಂಗಡಿಯ ಮುಂದೆ ಕೂತು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ.

"ಏನಣ್ಣ, ಫೋನೂ ಮಾಡ್ದೆ ಬಂದೆ? ಅತ್ತಿಗೆ ಚೆನ್ನಾಗವ್ರಾ?"

"ಚೆನ್ನಾಗವ್ಳೆ." ಎದುರಿಗೆ ಕುಕ್ಕರುಗಾಲಲ್ಲಿ ಕೂತೆ. "ಅವತ್ತು ಕೇಳ್ದಲ್ಲ, ಗುರ್ತು ನೋಡಿ ಹಾಕ್ದೇನಣ್ಣ ಅಂತ."

ಅವನ ಕೈ ನೀರಿನಲ್ಲೇ ನಿಂತಿತು. ಯಾವತ್ತು ಎಂದು ಕೇಳಲಿಲ್ಲ. "ನೋಡ್ದೆ ಅಂದಿದ್ದೆ."

"ಊಂ. ನೋಡ್ದೆ ಹಾಕ್ದೆ ಕಣೋ."

"ಯಾವ ನೋಡ್ದೆ ಅಣ್ಣ? ಬುಡಿಸಿ ಹೇಳು."

ಬಿಡಿಸಿ ಹೇಳಿದೆ. ಕಾರು ತಿರುಗಿ ನಿಂತದ್ದು, ಗೋಡೆ, ಬೇವು, ಹೆಗಲ ಮೇಲಿದ್ದ ಬಟ್ಟೆ, ಸಂಕ್ರಾಂತಿ ಕಳೆದ ಮೇಲೆ ಗೊತ್ತಾದದ್ದು, ಗೊತ್ತಿದ್ದೂ ಬೋಲ್ಟ್ ಬಿಗಿಸಿದ್ದು, ಗುಜರಿ. ಹೇಳಿ ಮುಗಿದಾಗ ಟ್ಯೂಬನ್ನು ನೀರಿನಿಂದ ಎತ್ತಿ ಪಕ್ಕಕ್ಕಿಟ್ಟ. ಎರಡು ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ, ಬೇರೆ ಯಾರದೋ ಕೈ ಎಂಬಂತೆ.

"ಹಲ್ಲು ಬದಲಾಯಿಸಿದ್ದು ಸರಿಯಾಗೇ ಇತ್ತಾ?" ಎಂದ.

"ಸರಿಯಾಗೇ ಇತ್ತು."

"ನಾನು ಎಷ್ಟು ಸಲ ಆ ಲೆಕ್ಕ ಹಾಕಿದೀನಿ ಗೊತ್ತಾ? ಎಲ್ಲಿ ತಪ್ದೆ, ಎಲ್ಲಿ ತಪ್ದೆ ಅಂತ."

"ತಪ್ಪಾಯ್ತು ಕಣೋ ಮಾದೇಶ."

"ತಪ್ಪಾಯ್ತು," ಎಂದು ಅವನೂ ಹೇಳಿದ. ಆ ಮಾತನ್ನು ನಾಲಿಗೆಯ ಮೇಲಿಟ್ಟು ರುಚಿ ನೋಡಿದಂತೆ. "ತಾನೇ ಆಯ್ತಾ ಅಣ್ಣ? ಅವತ್ತು ಅಷ್ಟು ಜನದ ಮುಂದೆ ನನ್ನ ಹೆಸರು ಹೇಳ್ದೆ. ಇವತ್ತು ಯಾರೂ ಇಲ್ದಾಗ ಬಂದು ನಿಂದು ಹೇಳ್ತಿದೀಯ. ನಂಗೆ ಹೇಳ್ಬೇಡ. ಆ ಅಮ್ಮನಿಗೆ ಹೇಳು."

ಅಂಗಡಿ ಬಾಗಿಲು ಎಳೆದು ಅವನು ನನ್ನ ಬೈಕಿನ ಹಿಂದೆ ಕೂತ. ಪಿರಿಯಾಪಟ್ಟಣದವರೆಗೆ ನನ್ನ ಹೆಗಲನ್ನೂ ಹಿಡಿಯಲಿಲ್ಲ. ಹಿಂದಿನ ಕಂಬಿ ಹಿಡಿದುಕೊಂಡಿದ್ದ.

ಕೆಲಸ ನನಗೆ ಕಲಿಸಿದ್ದನ್ನು ಇಲ್ಲೇ ಬರೆದುಬಿಡುತ್ತೇನೆ, ಕೊನೆಯಲ್ಲಿ ಅದಕ್ಕೆ ಜಾಗವಿಲ್ಲ. ಗುರುತು ಇರುವುದು ಗಾಡಿಯ ಮೇಲೆ, ಶೆಡ್ಡಿನ ಗೋಡೆಯ ಮೇಲಲ್ಲ. ಎಡ ಯಾವುದು ಎಂದು ಕೇಳಿಕೊಳ್ಳಬೇಕಾದ್ದು ಸೀಟಿನಲ್ಲಿ ಕೂತವನ ಕಡೆಯಿಂದ, ನಾನು ನಿಂತ ಜಾಗದಿಂದಲ್ಲ. ಇದು ಗೊತ್ತಾದದ್ದರಿಂದ ತಮ್ಮ ಶೆಡ್ಡಿಗೆ ವಾಪಸ್ ಬಂದ ಎಂದು ಯಾರೂ ತಿಳಿಯಬೇಡಿ. ಅವನು ಬರಲಿಲ್ಲ. ಸರಗೂರಿನವರ ಕಾರನ್ನು ಕೊಪ್ಪದಲ್ಲೇ, ಅಂಗಡಿಯ ಮುಂದೆ ಗುಂಡಿ ತೋಡಿಸಿ, ಅವನೇ ಮಾಡಿದ. ನನ್ನನ್ನು ಕರೆಯಲಿಲ್ಲ.

ಆವತ್ತು ಜವಳಿ ಅಂಗಡಿಯಲ್ಲಿ ಮದುವೆ ಸೀರೆ ತೆಗೆಯಲು ಬಂದವರು ತುಂಬಿದ್ದರು. ನಾಗರಾಜಪ್ಪನವರು ಗಲ್ಲಾದ ಮುಂದೆ, ಅವರ ತಾಯಿ ಪಕ್ಕದ ಕುರ್ಚಿಯಲ್ಲಿ. ಬಲಗೈ ಮಣಿಕಟ್ಟು ಇನ್ನೂ ಸೊಟ್ಟ. ಎಡಗೈಯಿಂದ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಮಾದೇಶ ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆ ನಿಂತ. ಅವನನ್ನು ಕಂಡು ನಾಗರಾಜಪ್ಪನವರು ಮುಖ ತಿರುಗಿಸಿದರು. ನನ್ನನ್ನು ಕಂಡು, "ಬನ್ನಿ ಬನ್ನಿ ಪುಟ್ಟಸ್ವಾಮಿ," ಎಂದರು. ಅಮ್ಮ ಎಲೆ ಮಡಿಸಿ ತಲೆಯೆತ್ತಿ, "ಯಾರಪ್ಪಾ?" ಎಂದರು.

ಸೀರೆ ಬಿಚ್ಚುತ್ತಿದ್ದವರಿಗೂ ಕೇಳಲೆಂದು ನಾನು ನಿಂತಲ್ಲಿಂದಲೇ ಗಟ್ಟಿಯಾಗಿ ಹೇಳಿದೆ:

"ನಿಮ್ಮ ಕೈ ಮುರಿದೋನು ನಾನಮ್ಮ. ನನ್ನ ತಮ್ಮ ಅಲ್ಲ. ಗುರ್ತು ನೋಡು ಅಂತ ಅವನು ಹೇಳಿದ್ದ. ನಾನು ನೋಡ್ಲಿಲ್ಲ. ತಪ್ಪಾಗಿದೆ ಅಂತ ಗೊತ್ತಾದ ಮೇಲೂ ಹೇಳ್ಲಿಲ್ಲ. ಅವನ ಕೆಲಸದಲ್ಲಿ ಏನೂ ತಪ್ಪಿರ್ಲಿಲ್ಲ. ತಪ್ಪು ನಾನು ಮಾಡ್ದೆ."